ಅಡ್ಡಗೋಡೆಯಲ್ಲದ ಗೋಡೆ

ಪುಟ್ಟಿ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ ದಿನವೇ ಮನೆಯ ಕೆಟ್ಟ ಸಾಮಾನುಗಳೆಲ್ಲ ಅವಳ ಪಾಲಿಗೆ ಬಂದವು. ಅವಳು ಓದುತ್ತಿದ್ದದ್ದು ಕಟ್ಟಡ ಕಟ್ಟುವ ವಿದ್ಯೆ. ಆದರೆ ಮನೆಯವರ ಲೆಕ್ಕದಲ್ಲಿ ಇಂಜಿನಿಯರ್ ಅಂದರೆ ಇಂಜಿನಿಯರ್, ಅದರಲ್ಲಿ ಒಳಜಾತಿಗಳಿಲ್ಲ. ತೊಟ್ಟಿಕ್ಕುವ ನಲ್ಲಿ, ಕಿರುಗುಟ್ಟುವ ಫ್ಯಾನು, ಅರ್ಧಕ್ಕೇ ಬಾಯಿ ಮುಚ್ಚುವ ರೇಡಿಯೋ ಎಲ್ಲಕ್ಕೂ ಅವಳೇ ವೈದ್ಯೆ. ಒಮ್ಮೆ ದೊಡ್ಡಮ್ಮನ ಮಿಕ್ಸಿ ತಿರುಗದೆ ಕೂತಾಗ ಪುಟ್ಟಿ ಅದನ್ನು ಹಿಂದೆ ಮುಂದೆ ನೋಡಿ, ಗೋಡೆಯಲ್ಲಿ ಸಡಿಲವಾಗಿದ್ದ ಪ್ಲಗ್ಗನ್ನು ಒತ್ತಿದಳು. ಮಿಕ್ಸಿ ಗುರ್ ಎಂದಿತು. ಅಂದಿನಿಂದ ದೊಡ್ಡಪ್ಪನ ಬಾಯಲ್ಲಿ ಅವಳು ಪುಟ್ಟಿಯಾಗಿ ಉಳಿಯಲಿಲ್ಲ, ಇಂಜಿನಿಯರಮ್ಮ ಆದಳು.

ದೊಡ್ಡಪ್ಪ ದರ್ಜಿ. ಮನೆಯ ಕೆಳಗಿನ ಅಂತಸ್ತು ಅವರದ್ದು. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಕಟಿಂಗ್ ಮೇಜು, ಗೋಡೆಯ ಮೊಳೆಗಳಿಗೆ ನೇತುಬಿದ್ದ ಅರ್ಧ ತೋಳಿನ ಕೋಟುಗಳು. ಹಿಂದಿನ ಕೋಣೆಯಲ್ಲಿ ದೊಡ್ಡಮ್ಮನ ಮಂಚ, ಒಲೆ, ರೇಡಿಯೋ. ನಡುವೆ ಒಂದು ಗೋಡೆ, ಗೋಡೆಯ ಒಂದು ತುದಿಗೆ ಒಬ್ಬರೇ ಹಾಯುವಷ್ಟು ಕಿರಿದಾದ ಬಾಗಿಲು. ಮೇಲಿನ ಅಂತಸ್ತಿನಲ್ಲಿ ಪುಟ್ಟಿ, ಅವಳ ಅಪ್ಪ, ಅಮ್ಮ.

ಪುಟ್ಟಿ ಮೂರನೆಯ ವರ್ಷದಲ್ಲಿದ್ದಾಗ ದೊಡ್ಡಪ್ಪನಿಗೆ ಊರಿನ ನಾಟಕಮಂದಿರದಿಂದ ರಂಗದ ಪರದೆ ಹೊಲಿಯುವ ಕೆಲಸ ಬಂತು. ಪ್ಯಾಂಟು ಕೋಟಿನ ಕೈಗೆ ಪರದೆ ಎಂದರೆ ಬಾವಿಯ ಮೀನಿಗೆ ಕೆರೆ ಸಿಕ್ಕ ಹಾಗೆ. ಮಖಮಲ್ಲಿನ ಸುರುಳಿಗಳು ಬಂದು ಅಂಗಡಿಯಲ್ಲಿ ಮಲಗಿದವು. ಬಿಚ್ಚಿ ಹಾಸೋಣವೆಂದರೆ ಮೇಜು ಸಾಲದು, ಮೇಜು ಬೆಳೆಸೋಣವೆಂದರೆ ಗೋಡೆ ಬಿಡದು. ದೊಡ್ಡಪ್ಪ ಎರಡು ದಿನ ಆ ಗೋಡೆಯನ್ನು ಹಗೆಯವನ ಹಾಗೆ ದಿಟ್ಟಿಸಿದರು. ಮೂರನೆಯ ದಿನ, ಭಾನುವಾರ ಸಂಜೆ, ಎಲ್ಲರನ್ನೂ ಅಂಗಡಿಗೆ ಕರೆದರು.

ಎಲ್ಲರೂ ಅಂದರೆ ಅಪ್ಪ, ಅಮ್ಮ, ದೊಡ್ಡಮ್ಮ, ಗಾರೆ ಕೆಲಸದ ಮೇಸ್ತ್ರಿ, ಮತ್ತೆ ಕರೆಯದೇ ಬಂದಿದ್ದ ಎದುರಿನ ಕನ್ನಡಕದಂಗಡಿಯ ಸಾಹುಕಾರ. ಈ ಸಾಹುಕಾರ ದೊಡ್ಡಪ್ಪನ ಪ್ರಾಣಸ್ನೇಹಿತ. ದೊಡ್ಡಪ್ಪ ಏನೇ ಕೆಲಸಕ್ಕೆ ಕೈ ಹಾಕಿದರೂ ಅದು ಕೆಡುತ್ತದೆ ಎಂದು ಮೊದಲೇ ಹೇಳುವುದು ಆ ಸ್ನೇಹದ ಕರ್ತವ್ಯ ಎಂದು ಅವರು ನಂಬಿದ್ದರು.

"ಈ ಗೋಡೆ ತೆಗೆದುಬಿಡೋಣ ಅಂತಿದೀನಿ. ಮೇಸ್ತ್ರಿ, ಏನಂತೀಯ?" ಎಂದರು ದೊಡ್ಡಪ್ಪ.

"ನೀವು ಹೂಂ ಅಂದ್ರೆ ಹೊಡೀತೀನಿ, ಉಹೂಂ ಅಂದ್ರೆ ಕಟ್ತೀನಿ. ನಂದೇನಿದೆ ಯಜಮಾನ್ರೇ," ಎಂದ ಮೇಸ್ತ್ರಿ.

"ಮನೇಲೇ ಇಂಜಿನಿಯರಮ್ಮ ಇರೋವಾಗ ಊರೆಲ್ಲ ಯಾಕೆ ಕೇಳ್ಬೇಕು? ಹೇಳಮ್ಮ, ತೆಗೀಬಹುದಾ?"

ಪುಟ್ಟಿಗೆ 'ಯಾರನ್ನಾದರೂ ಕೇಳಿ ಹೇಳ್ತೀನಿ ದೊಡ್ಡಪ್ಪ' ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಇತ್ತು. ಅಷ್ಟರಲ್ಲಿ ಸಾಹುಕಾರರು ಕನ್ನಡಕ ಒರೆಸಿಕೊಳ್ಳುತ್ತ, "ಪಾಪ, ಇನ್ನೂ ಓದೋ ಹುಡುಗಿ. ಅವಳಿಗೇನ್ ಗೊತ್ತಾಗತ್ತೆ ಬಿಡಿ," ಎಂದರು.

ನಾಲಿಗೆಯ ತುದಿಯ ಮಾತು ಹಾಗೇ ಒಳಗೆ ಹೋಯಿತು. ಪುಟ್ಟಿ ಗೋಡೆಯ ಹತ್ತಿರ ಹೋಗಿ, ಕೋಟುಗಳನ್ನು ಸರಿಸಿ, ಬೆರಳ ಗೆಣ್ಣಿನಿಂದ ಕುಟ್ಟಿದಳು. ಯಾರೋ ಹೀಗೆ ಕುಟ್ಟಿದ್ದನ್ನು ಎಲ್ಲೋ ನೋಡಿದ್ದಳು. ಇಲ್ಲಿ ಟಕ್ ಟಕ್, ಅಲ್ಲಿ ಡಬ್ ಡಬ್. ಡಬ್ ಎಂದ ಕಡೆ ಕಿವಿಯಿಟ್ಟು, ಹುಬ್ಬು ಗಂಟಿಕ್ಕಿ, ಗೋಡೆ ತನಗೊಬ್ಬಳಿಗೇ ಏನೋ ಗುಟ್ಟು ಹೇಳಿತೆಂಬಂತೆ ತಲೆಯಾಡಿಸಿದಳು.

"ಒಳಗೆ ಟೊಳ್ಳು. ಇದು ಬರೀ ಅಡ್ಡಗೋಡೆ ದೊಡ್ಡಪ್ಪ, ಏನೂ ಭಾರ ಹೊತ್ತಿಲ್ಲ. ಧಾರಾಳವಾಗಿ ತೆಗೀಬಹುದು."

ದೊಡ್ಡಪ್ಪ ಸಾಹುಕಾರರ ಕಡೆ ತಿರುಗಿ ಮೀಸೆ ತೀಡಿದರು. ಅಮ್ಮನ ಮುಖ ಅರಳಿತು. ಮೇಸ್ತ್ರಿ ಗುರುವಾರ ಬರುತ್ತೇನೆಂದು ಹೇಳಿ ಹೋದ. ಪುಟ್ಟಿ ಮೆಟ್ಟಿಲು ಹತ್ತುವಾಗ ಒಂದು ಗೇಣು ಎತ್ತರವಾಗಿದ್ದಳು.

ಬುಧವಾರ ಊಟದ ನಂತರದ ಪೀರಿಯಡ್ಡು ವೃತ್ತಿಧರ್ಮದ್ದು. ಅದನ್ನು ತೆಗೆದುಕೊಳ್ಳುತ್ತಿದ್ದವರು ಮಣ್ಣಿನ ಮೇಡಂ. ಅವರ ಅಸಲು ವಿಷಯ ಮಣ್ಣು. ಯಾವ ನೆಲ ಎಷ್ಟು ತೂಕ ತಡೆಯುತ್ತದೆ ಎಂಬ ಶಾಸ್ತ್ರ. ವೃತ್ತಿಧರ್ಮ ಹೇಳಿಕೊಡಲು ಬೇರೆ ಯಾರೂ ಒಪ್ಪದಿದ್ದರಿಂದ ಅದು ಅವರ ತಲೆಗೆ ಬಂದಿತ್ತು. ಹುಡುಗರಿಗೆ ಅದು ನಿದ್ದೆಯ ಪೀರಿಯಡ್ಡು. ಹಿಂದಿನ ಬೆಂಚಿನಲ್ಲಿ ಕೆಲವರು ತಲೆಗೆ ಕೈ ಕೊಟ್ಟು, ಯೋಚನೆಯಲ್ಲಿ ಮುಳುಗಿದವರ ಹಾಗೆ ಮಲಗುವ ವಿದ್ಯೆ ಕಲಿತಿದ್ದರು.

ಮೇಡಂ ಕಾಲೇಜಿನ ನಿಯಮಗಳ ಕಿರುಪುಸ್ತಕ ತೆರೆದಿದ್ದರು. ಸೇರುವಾಗ ಎಲ್ಲರೂ ಓದಿದ್ದೇವೆಂದು ರುಜು ಹಾಕಿದ್ದ, ಯಾರೂ ಓದದಿದ್ದ ಪುಸ್ತಕ ಅದು.

"ಈ ಪುಟದಲ್ಲಿ ಎರಡು ನಿಯಮ ಇದೆ. ಒಂದು, ಇನ್ನೊಬ್ಬರು ಬರೆದದ್ದನ್ನ ನಂದು ಅಂತ ಕೊಡಬಾರದು. ಎರಡು, ತನಗೆ ತಿಳಿಯದ ಕೆಲಸದಲ್ಲಿ ತಿಳಿದೋರ ಹಾಗೆ ಅಭಿಪ್ರಾಯ ಕೊಡಬಾರದು. ಇವೆರಡನ್ನೂ ಒಂದೇ ಪುಟದಲ್ಲಿ ಯಾಕೆ ಹಾಕಿದಾರೆ?"

"ಪೇಪರ್ ಉಳಿಸಕ್ಕೆ ಮೇಡಂ," ಎಂದ ಒಬ್ಬ. ಮಲಗಿದ್ದವರೂ ಎದ್ದು ನಕ್ಕರು.

ಮೇಡಂ ಕೂಡ ನಕ್ಕರು. "ಇರಬಹುದು. ಆದ್ರೆ ನಂಗೆ ಅನ್ಸೋದು ಹೀಗೆ. ಕಾಪಿ ಹೊಡೆದೋನಿಗೆ ಪಾಠ ಗೊತ್ತಿಲ್ಲ ಅನ್ನೋದು ಸಣ್ಣ ವಿಷಯ. ಗೊತ್ತಿಲ್ಲ ಅನ್ನೋದೇ ಅವನಿಗೆ ಮರೆತು ಹೋಗಿರತ್ತೆ. ಮಾರ್ಕ್ಸ್ ಬಂದಿದೆಯಲ್ಲ, ಗೊತ್ತಿರಬೇಕು ಅಂದ್ಕೊಂಡಿರ್ತಾನೆ. ಅಂಥೋನು ನಾಳೆ ಯಾರದೋ ಮನೆಗೆ ಹೋಗಿ, ಧಾರಾಳವಾಗಿ ಮಾಡಿ ಅಂತಾನೆ."

'ಧಾರಾಳವಾಗಿ' ಎಂಬ ಪದ ಪುಟ್ಟಿಯ ಕಿವಿಗೆ ಸೂಜಿಯ ಹಾಗೆ ಚುಚ್ಚಿತು. ಭಾರ ಹೊರುವ ಗೋಡೆಗಳು. ಆ ಹೆಸರಿನ ಒಂದು ಅಸೈನ್‌ಮೆಂಟು ಕಳೆದ ತಿಂಗಳು ಕೊಟ್ಟಿದ್ದಳಲ್ಲ? ಕೊಟ್ಟಿದ್ದಳು. ಮದುವೆಯಾಗಿ ಹೋದ ಅಕ್ಕನ ಮಗುವಿನ ಹುಟ್ಟುಹಬ್ಬದ ಗಡಿಬಿಡಿಯಲ್ಲಿ ಗೆಳತಿಯದನ್ನು ನೋಡಿ, ಚಿತ್ರ ಸಹಿತ ಇಳಿಸಿ ಕೊಟ್ಟಿದ್ದಳು. ಆ ಗೆಳತಿ ಪಕ್ಕದಲ್ಲೇ ಕೂತಿದ್ದಳು. ಉದ್ದಕ್ಕೆ, ತೆಳ್ಳಗೆ ಇದ್ದುದರಿಂದ ಅವಳನ್ನು ಎಲ್ಲರೂ ಸ್ಕೇಲು ಎನ್ನುತ್ತಿದ್ದರು.

"ಏ ಸ್ಕೇಲು, ಒಂದು ಗೋಡೆ ಭಾರ ಹೊತ್ತಿದೆಯೋ ಇಲ್ವೋ ಅಂತ ಹೇಗೆ ತಿಳಿಯೋದು?" ಎಂದು ಪುಟ್ಟಿ ಪಿಸುಗುಟ್ಟಿದಳು.

"ನಂಗೇನೇ ಗೊತ್ತು?"

"ನೀನೇ ತಾನೇ ಬರೆದದ್ದು! ನಿಂದು ನೋಡಿ ನಾನು ಬರೆದೆ."

"ನಾನು ಸೀನಿಯರ್‌ದು ನೋಡಿ ಬರೆದೆ. ಅವರು ಯಾರದು ನೋಡಿದ್ರೋ!"

ಪೀರಿಯಡ್ಡು ಮುಗಿದದ್ದೇ ತಡ, ಪುಟ್ಟಿ ಹೊರಗೆ ಬಂದು ಫೋನು ನೋಡಿದಳು. ಅಮ್ಮ ಕರೆ ಮಾಡಿದ್ದಳು. ಪುಟ್ಟಿ ತಿರುಗಿ ಮಾಡಿದಳು.

"ಪುಟ್ಟೀ, ಸಂಜೆ ಬರ್ತಾ ನಿಮ್ಮ ಚಿಕ್ಕಮ್ಮನ ಮನೇಲೇ ಊಟ ಮಾಡ್ಕೊಂಡು ಬಾ. ಇಲ್ಲಿ ಮನೆಯೆಲ್ಲ ಧೂಳು. ಮೇಸ್ತ್ರಿ ಇವತ್ತೇ ಬಂದುಬಿಟ್ಟಿದಾನೆ, ನಾಳೆ ಬೇರೆ ಕಡೆ ಕೆಲಸವಂತೆ."

"ಅಮ್ಮಾ! ನಿಲ್ಸು ಅವನನ್ನ!"

"ಯಾಕೇ?"

"ಬಂದು ಹೇಳ್ತೀನಿ. ಹೇಗಾದ್ರೂ ಮಾಡಿ ನಿಲ್ಸು."

"ನಿಮ್ಮ ದೊಡ್ಡಪ್ಪ ನನ್ನ ಮಾತು ಕೇಳ್ತಾರಾ? ಇಂಜಿನಿಯರಮ್ಮನೇ ಹೇಳಿದಾಳೆ ಅಂತ ಬೀದಿಗೆಲ್ಲ ಸಾರ್ತಿದಾರೆ. ನೋಡೋಣ, ಕಾಫಿ ಗೀಫಿ ಕೊಟ್ಟು ಕೂರಿಸ್ತೀನಿ."

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಪುಟ್ಟಿ ಬಾಗಿಲ ಬಳಿಯೇ ನಿಂತಿದ್ದಳು, ನಿಂತರೆ ಬಸ್ಸು ಬೇಗ ಹೋಗುತ್ತದೆ ಎನ್ನುವವಳ ಹಾಗೆ. ಇಳಿದವಳೇ ಓಡಿದಳು. ಅಂಗಡಿಯ ಮುಂದೆ ಬಿಳಿ ಧೂಳು. ಒಳಗೆ ಹೊಲಿಗೆ ಯಂತ್ರಗಳಿಗೆ ಹಳೆಯ ಚಾದರ ಹೊದಿಸಿತ್ತು. ಗೋಡೆಯ ಒಂದು ಭಾಗದ ಗಾರೆ ಕಿತ್ತು ಒಳಗಿನ ಇಟ್ಟಿಗೆ ಕೆಂಪಗೆ ಕಾಣುತ್ತಿತ್ತು. ಮೇಸ್ತ್ರಿ ಕೆಳಗೆ ಕೂತು ಕಾಫಿ ಕುಡಿಯುತ್ತಿದ್ದ. ಅವನ ಪಕ್ಕ ಖಾಲಿ ಲೋಟಗಳ ಸಾಲು, ಎದುರಿಗೆ ಮತ್ತೊಂದು ಲೋಟ ಹಿಡಿದು ನಿಂತ ಅಮ್ಮ.

"ಸಾಕು ತಾಯಿ, ಇನ್ನು ಕುಡಿದ್ರೆ ಗೋಡೆ ಬದ್ಲು ನಾನೇ ನಡುಗ್ತೀನಿ," ಎಂದು ಮೇಸ್ತ್ರಿ ಎದ್ದು ಉಳಿ ಎತ್ತಿಕೊಂಡ.

"ಬೇಡ! ಹೊಡೀಬೇಡಿ!" ಎಂದು ಪುಟ್ಟಿ ಕೂಗಿದ ಕೂಗಿಗೆ ಎದುರಂಗಡಿಯಿಂದ ಸಾಹುಕಾರರು ಓಡಿ ಬಂದರು.

"ಯಾಕಮ್ಮ, ಏನಾಯ್ತು?" ಎಂದರು ದೊಡ್ಡಪ್ಪ.

"ನಂಗೆ ಗೊತ್ತಿಲ್ಲ ದೊಡ್ಡಪ್ಪ."

"ಏನು ಗೊತ್ತಿಲ್ಲ?"

"ಈ ಗೋಡೆ ತೆಗೀಬಹುದಾ ಇಲ್ವಾ ಅಂತ ನಂಗೆ ಗೊತ್ತಿಲ್ಲ."

"ಭಾನುವಾರ ಗೊತ್ತಿತ್ತಲ್ಲ?"

"ಭಾನುವಾರನೂ ಗೊತ್ತಿರ್ಲಿಲ್ಲ. ಸುಮ್ಮನೆ ಗೊತ್ತು ಅಂದೆ."

ಸಾಹುಕಾರರು ಕೆಮ್ಮಿದರು. ಅದು ಧೂಳಿನ ಕೆಮ್ಮಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ದೊಡ್ಡಪ್ಪನ ಮೀಸೆ ಇಳಿಬಿದ್ದಿತು. ಅವರು ಮೇಸ್ತ್ರಿಯ ಕೈಗೆ ಅವನ ಚೀಲ ಕೊಟ್ಟು, "ಇವತ್ತಿಗೆ ಬಿಡಪ್ಪ. ನಮ್ಮ ಇಂಜಿನಿಯರಮ್ಮ ರಜೆ ಮೇಲೆ ಹೋಗಿದಾಳೆ," ಎಂದು ಹಿಂದಿನ ಕೋಣೆಗೆ ಹೋದರು.

ಆಮೇಲೆ ಅವರು ಪುಟ್ಟಿಯ ಜೊತೆ ನೇರ ಮಾತು ಬಿಟ್ಟರು. ಅವಳು ಎದುರಿಗೇ ನಿಂತಿದ್ದರೂ ದೊಡ್ಡಮ್ಮನ ಕಡೆ ತಿರುಗಿ, "ಯಾರೋ ಚಪ್ಪಲೀನ ದಾರೀಲಿ ಬಿಟ್ಟಿದಾರೆ, ತೆಗೀಬೇಕಂತೆ ಅಂತ ಹೇಳು," ಎನ್ನುವರು. "ಇಬ್ಬರ ನಡುವೆ ನಾನೇನು ಪೋಸ್ಟ್ ಡಬ್ಬಾನಾ?" ಎಂದು ದೊಡ್ಡಮ್ಮ ಗೊಣಗುವಳು.

ಮರುದಿನ ಪುಟ್ಟಿ ಮೊದಲು ಸ್ಕೇಲನ್ನು ಹಿಡಿದಳು. "ನಾನು ಕಾಪಿ ಮಾಡಿದ್ದನ್ನ ಹೇಳಿಬಿಡ್ತೀನಿ ಕಣೇ. ನಿನ್ನ ಹೆಸರು ಹೇಳಲ್ಲ, ನಂದಷ್ಟೇ."

"ತಲೆ ಕೆಟ್ಟಿದೆಯಾ? ತಾನಾಗೇ ಹೋಗಿ ತಲೆ ಮೇಲೆ ಚಪ್ಪಡಿ ಎಳ್ಕೊಳ್ತಾರಾ ಯಾರಾದ್ರೂ?"

"ಚಪ್ಪಡಿ ಆಗ್ಲೇ ತಲೆ ಮೇಲಿದೆ. ನಿಜವಾಗ್ಲೂ. ನನ್ನ ಮನೇದು."

ಸ್ಕೇಲು ಮೂಗು ಮುರಿದು ಹೋದಳು. ಪುಟ್ಟಿ ಮಣ್ಣಿನ ಮೇಡಂ ಕೋಣೆಗೆ ಹೋಗಿ ಗೋಡೆಯ ಕತೆ, ಅಸೈನ್‌ಮೆಂಟಿನ ಕತೆ ಎರಡನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳಿ ಮುಗಿಸಿ, "ಈಗ ನೀವೇ ಹೇಳಿ ಮೇಡಂ, ಗೋಡೆ ತೆಗೀಬಹುದಾ?" ಎಂದಳು.

"ನಂಗೆ ಗೊತ್ತಿಲ್ಲಮ್ಮ," ಎಂದರು ಮೇಡಂ, ಒಂಚೂರೂ ಸಂಕೋಚವಿಲ್ಲದೆ. "ನಂದು ನೆಲದಿಂದ ಕೆಳಗಿನ ಸಂಸಾರ. ನೆಲದ ಮೇಲಿನ ಗೋಡೆ ಬಗ್ಗೆ ಪಕ್ಕದ್ಮನೆಯೋಳು ಹೇಳೋ ಅಷ್ಟೇ ನಾನೂ ಹೇಳಬಲ್ಲೆ. ಬಾ, ತೊಲೆ ಮೇಷ್ಟ್ರ ಹತ್ರ ಹೋಗೋಣ."

ಗೋಡೆ, ಕಂಬ, ತೊಲೆಗಳ ಪಾಠ ಮಾಡುತ್ತಿದ್ದ ಹಿರಿಯ ಪ್ರೊಫೆಸರರಿಗೆ ತೊಲೆ ಮೇಷ್ಟ್ರು ಎಂಬ ಹೆಸರು ಅವರ ಮುಂದೆಯೂ ಚಾಲ್ತಿಯಲ್ಲಿತ್ತು. ಪುಟ್ಟಿ ಕಾಪಿ ಮಾಡಿ ಕೊಟ್ಟ ಅಸೈನ್‌ಮೆಂಟು ಅವರ ವಿಷಯದ್ದೇ. ಪುಟ್ಟಿಯ ಮಾತು ಕೇಳುತ್ತ ಅವರು ಬೀರುವಿನಿಂದ ಒಂದು ಕಟ್ಟು ತೆಗೆದು ಅವಳ ಹಾಳೆ ಹುಡುಕಿದರು.

"ಈ ಚಿತ್ರ ನೋಡು. ನಿನ್ನ ಗೋಡೆಯ ತಳಪಾಯ ಎಲ್ಲಿದೆ?"

ಪುಟ್ಟಿ ನೋಡಿದಳು. ಕೆಳಗೆ ಅಗಲವಾಗಿರಬೇಕಾದ ತಳಪಾಯ ಮೇಲೆ ಅಗಲವಾಗಿತ್ತು. ಗೋಡೆ ತಲೆಕೆಳಗಾಗಿ ಶೀರ್ಷಾಸನ ಹಾಕಿ ನಿಂತಿತ್ತು.

"ಯಾರೋ ಪುಣ್ಯಾತ್ಮ ಎಷ್ಟೋ ವರ್ಷದ ಹಿಂದೆ ಉಲ್ಟಾ ಬಿಡಿಸಿದ. ಆವತ್ತಿಂದ ಹಾಗೇ ನಡೀತಾ ಬಂದಿದೆ. ಎಲ್ಲರಿಗೂ ಹತ್ತಕ್ಕೆ ಎರಡು ಕೊಟ್ಟು ಸುಮ್ಮನಿದ್ದೆ. ಕೂರಿಸಿ ಕೇಳಬೇಕಿತ್ತು. ಕೇಳಲಿಲ್ಲ, ಸೋಮಾರಿತನ. ಅದು ನನ್ನ ತಪ್ಪು." ಮೇಷ್ಟ್ರು ಹಾಳೆ ಕೆಳಗಿಟ್ಟರು. "ನಿನ್ನ ತಪ್ಪಿಗೆ ನಿಯಮ ಇದೆ. ಈ ಅಸೈನ್‌ಮೆಂಟಿಗೆ ಸೊನ್ನೆ. ಎಚ್ಚರಿಕೆ ಕೊಟ್ಟದ್ದು ದಾಖಲೆಯಲ್ಲಿ ಇರತ್ತೆ. ಮತ್ತೊಂದು ಸಲ ಆದ್ರೆ ಆ ಪರೀಕ್ಷೆಗೇ ಕೂರೋ ಹಾಗಿಲ್ಲ. ನೀನಾಗೇ ಬಂದು ಹೇಳಿದ್ಯಲ್ಲ, ಅದಕ್ಕೆ ಹೊಸದಾಗಿ ಬರೆಯೋ ಅವಕಾಶ ಕೊಡ್ತೀನಿ. ಸೊನ್ನೆ ಮಾತ್ರ ಸೊನ್ನೆಯೇ."

"ಸರಿ ಸಾರ್," ಎಂದಳು ಪುಟ್ಟಿ. ಅಳು ಬರಬೇಕಿತ್ತು, ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಹೊರಗೆ ಬಂದಂಥ ಹಗುರ. "ಸಾರ್, ಗೋಡೆ?"

"ನೋಡದೆ ಏನು ಹೇಳಲಿ? ಬರ್ತೀನಿ. ಆದ್ರೆ ಹೊರಗಿನ ಕೆಲಸ ಮಾಡಕ್ಕೆ ನಾನೂ ಪ್ರಿನ್ಸಿಪಾಲರ ಅನುಮತಿ ತಗೋಬೇಕು. ನಿಮಗೆ ಒಂದು ಪುಸ್ತಕ ಇದ್ರೆ, ನಮಗೂ ಒಂದಿದೆ."

ಅವರು ಅನುಮತಿ ತೆಗೆದುಕೊಂಡು ಶನಿವಾರ ಬೆಳಿಗ್ಗೆ ಬಂದರು. ಮಣ್ಣಿನ ಮೇಡಂ ಕೂಡ ಬಂದರು, 'ತಳಪಾಯ ಏನಾದರೂ ಕೇಳಿದರೆ ಇರಲಿ' ಎಂದು. ಬೀದಿಯ ಕೊನೆಯಲ್ಲಿ ಸ್ಕೇಲು ಕೂಡ ಕಾಣಿಸಿಕೊಂಡಳು, ಮುಖ ಊದಿಸಿಕೊಂಡು. "ನಾನೂ ಹೇಳಿಬಿಟ್ಟೆ ಕಣೇ. ನೀನು ಹೇಳಿದ ಮೇಲೆ ನಂಗೆ ಅನ್ನ ಇಳೀಲಿಲ್ಲ, ದರಿದ್ರದೋಳೇ," ಎಂದು ಪುಟ್ಟಿಯ ಬೆನ್ನಿಗೊಂದು ಗುದ್ದಿದಳು. ನೋವಾದರೂ ಪುಟ್ಟಿಗೆ ನಗು ಬಂತು. ಅಂಗಡಿಯಲ್ಲಿ ಮೇಸ್ತ್ರಿ, ಸಾಹುಕಾರರು ಆಗಲೇ ಕಾದು ಕೂತಿದ್ದರು.

ತೊಲೆ ಮೇಷ್ಟ್ರು ಮೊದಲು ಗೋಡೆ ನೋಡಲೇ ಇಲ್ಲ. ಚಪ್ಪಲಿ ಬಿಟ್ಟು ಮೇಲಿನ ಅಂತಸ್ತಿಗೆ ಹೋದರು. ಪುಟ್ಟಿಯ ಕೋಣೆಯಲ್ಲಿ ಮಂಚದ ಪಕ್ಕದ ಗೋಡೆಗೆ ಅಳತೆ ಟೇಪು ಹಿಡಿದು, ಕಿಟಕಿಯಿಂದ ಎಷ್ಟು ದೂರ ಎಂದು ನೋಡಿದರು. ಕೆಳಗೆ ಬಂದು ಅದೇ ಅಳತೆ ಹಿಡಿದರು. ಟೇಪು ನೇರವಾಗಿ ಆ ಗೋಡೆಯ ಮೇಲೇ ಬಂದು ನಿಂತಿತು. ಅಂಗಡಿಯ ಚಾವಣಿ ಯಾವ ಕಡೆಯಿಂದ ಯಾವ ಕಡೆಗೆ ಹಾಸಿದೆ ಎಂದು ಟಾರ್ಚು ಬಿಟ್ಟು ನೋಡಿದರು. ಕೊನೆಗೆ ಗೋಡೆಯ ಮೇಲೆ ಅಂಗೈ ಇಟ್ಟರು.

"ಇಲ್ಲಿ ಡಬ್ ಅಂತ ಟೊಳ್ಳು ಸದ್ದು ಬಂತು ಸಾರ್," ಎಂದಳು ಪುಟ್ಟಿ ಸಣ್ಣ ದನಿಯಲ್ಲಿ.

"ಗಾರೆ ಇಟ್ಟಿಗೆ ಬಿಟ್ಟು ಉಬ್ಬಿದೆ, ಅದಕ್ಕೆ. ಗೋಡೆ ಟೊಳ್ಳಲ್ಲ."

ದೊಡ್ಡಪ್ಪ ತಡೆಯಲಾರದೆ ಮುಂದೆ ಬಂದರು. "ಒಟ್ನಲ್ಲಿ ತೆಗೀಬಹುದಾ ಸಾರ್?"

"ಪೂರ್ತಿ ತೆಗೆಯೋ ಹಾಗಿಲ್ಲ."

"ಹಾಗಾದ್ರೆ ಬಿಡಬೇಕಾ?"

"ಬಿಡಬೇಕು ಅಂತಾನೂ ಇಲ್ಲ. ಮೇಲೊಂದು ಕಬ್ಬಿಣದ ತೊಲೆ ಕೊಟ್ಟು ಅಗಲವಾದ ಕಂಡಿ ಮಾಡಬಹುದೇನೋ."

"ಎಷ್ಟು ಅಗಲ?"

"ಅದು ಈಗ ಗೊತ್ತಿಲ್ಲ. ಲೆಕ್ಕ ಹಾಕಬೇಕು."

"ಏನ್ ಸಾರ್, ನೀವೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತೀರಲ್ಲ!"

"ಇದು ಅಡ್ಡಗೋಡೆ ಅಲ್ವಲ್ಲ ಯಜಮಾನ್ರೇ, ಅದೇ ತೊಂದರೆ," ಎಂದರು ಮೇಷ್ಟ್ರು.

ಮೇಡಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ದೊಡ್ಡಪ್ಪನಿಗೆ ಮಾತ್ರ ತಾಳ್ಮೆಯ ದಾರ ಕಡಿಯಿತು. ಎದುರಿಗೆ ಸಾಹುಕಾರರನ್ನೇ ಸಾಕ್ಷಿಯಾಗಿ ಹಿಡಿದು ಶುರು ಮಾಡಿದರು: "ಕೇಳಿದ್ರಾ ಇದನ್ನ! ಕಾಲೇಜಿಗೆ ಸೇರಕ್ಕೆ ಮುಂಚೆ ನಮ್ಮ ಪುಟ್ಟಿಗೆ ಎಲ್ಲ ಗೊತ್ತಿತ್ತು. ಮೂರು ವರ್ಷ ಓದಿದ ಮೇಲೆ ಗೊತ್ತಿಲ್ಲ ಅಂತಾಳೆ. ಅವಳಿಗೆ ಪಾಠ ಹೇಳೋ ಅಮ್ಮ, ನಂಗೆ ಮಣ್ಣು ಬಿಟ್ರೆ ಗೊತ್ತಿಲ್ಲ ಅಂತಾರೆ. ಅವರಿಗಿಂತ ದೊಡ್ಡೋರು, ಲೆಕ್ಕ ಹಾಕೋವರೆಗೂ ಗೊತ್ತಿಲ್ಲ ಅಂತಾರೆ. ಇನ್ನು ಪ್ರಿನ್ಸಿಪಾಲರನ್ನೇ ಕರೆಸಿದ್ರೆ, ಗೋಡೆ ಅಂದ್ರೇನಪ್ಪ ಅಂತ ಕೇಳ್ತಾರೇನೋ! ಮೇಲೆ ಮೇಲೆ ಹೋದ ಹಾಗೂ ಗೊತ್ತಿರೋದು ಕಮ್ಮಿ ಆಗೋ ಕಾಲೇಜು ಇದೊಂದೇ ಇರಬೇಕು ಪ್ರಪಂಚದಲ್ಲಿ!"

ಮೇಸ್ತ್ರಿಯೂ ಸೇರಿ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ತೊಲೆ ಮೇಷ್ಟ್ರು. ನಗು ಇಳಿದ ಮೇಲೆ, ಬಾಗಿಲ ಸಂದಿಯಲ್ಲಿ ನಿಂತಿದ್ದ ದೊಡ್ಡಮ್ಮ ಕೇಳಿದಳು: "ಅಲ್ಲ ಸಾರ್, ಆವತ್ತು ಪೂರ್ತಿ ತೆಗೆದುಬಿಟ್ಟಿದ್ರೆ ಏನಾಗ್ತಿತ್ತು? ಬಿದ್ದು ಹೋಗ್ತಿತ್ತಾ?"

"ಖಂಡಿತವಾಗಿ ಹೇಳಕ್ಕಾಗಲ್ಲಮ್ಮ. ಬರೀ ಬಿರುಕು ಬಿಟ್ಟು ನಿಲ್ಲಬಹುದಿತ್ತು. ಪೂರ್ತಿ ಕುಸಿದು ಕೂತ್ಕೊಳ್ಳಬಹುದಿತ್ತು. ಮೇಲಿನ ಕೋಣೆಯ ಗೋಡೆ ಸರಿಯಾಗಿ ಇದರ ತಲೆ ಮೇಲೇ ಇದೆ." ಮೇಷ್ಟ್ರು ಮೇಲಕ್ಕೆ ಬೆರಳು ತೋರಿಸಿ ಹೇಳಿದರು: "ನಾನಂತೂ ಮೇಲಿರೋ ಆ ಮಂಚದಲ್ಲಿ ಮಲಗ್ತಿರ್ಲಿಲ್ಲ."

ದೊಡ್ಡಪ್ಪ ಒಮ್ಮೆ ಚಾವಣಿ ನೋಡಿದರು, ಒಮ್ಮೆ ಗೋಡೆ ನೋಡಿದರು. ಗಾರೆ ಕಿತ್ತ ಜಾಗದಲ್ಲಿ ಕೈಯಾಡಿಸಿದರು, ಬಟ್ಟೆಯ ನೇಯ್ಗೆ ನೋಡುವಾಗ ಮಾಡುವ ಹಾಗೆ. ಆಮೇಲೆ ಪುಟ್ಟಿಯ ಕಡೆ ತಿರುಗಿದರು.

"ಪುಟ್ಟಿ, ಬೆಳಿಗ್ಗೆಯಿಂದ ಓಡಾಡ್ತಿದೀಯ. ಏನಾದ್ರೂ ತಿಂದ್ಯಾ?"

ಪುಟ್ಟಿ ತಿಂದಿರಲಿಲ್ಲ. ತಿಂದಿದ್ದೇನೆ ಎಂದು ತಲೆಯಾಡಿಸಲು ಹೋಗಿ, ಕಣ್ಣು ತುಂಬಿ ಬಂದು, ಇಲ್ಲ ಎಂದು ಆಡಿಸಿದಳು. "ಮೊದಲು ಮಗೂಗೆ ತಿನ್ನಕ್ಕೆ ಕೊಡು," ಎಂದು ದೊಡ್ಡಪ್ಪ ದೊಡ್ಡಮ್ಮನ ಮೇಲೆ ರೇಗಿದರು. "ಎಲ್ಲ ನನ್ನ ಮೇಲೇ ಬನ್ನಿ," ಎನ್ನುತ್ತ ದೊಡ್ಡಮ್ಮ ಒಲೆ ಹಚ್ಚಿದಳು.

ಲೆಕ್ಕ ಮುಗಿಯುವವರೆಗೆ ಪರದೆ ಕಾಯುವಂತಿರಲಿಲ್ಲ. ನಾಟಕಮಂದಿರದವರು ದಿನಕ್ಕೊಮ್ಮೆ ಬಂದು ಮಖಮಲ್ಲಿನ ಯೋಗಕ್ಷೇಮ ವಿಚಾರಿಸುತ್ತಿದ್ದರು. ಕೊನೆಗೆ ಅಮ್ಮನೇ ದಾರಿ ಹೇಳಿದಳು: "ಮೇಲಿನ ತಾರಸಿ ಇದೆಯಲ್ಲ ಭಾವ?" ಬಿಸಿಲೇರುವ ಮೊದಲು ತಾರಸಿ ಗುಡಿಸಿ, ಚಾಪೆ ಹಾಸಿ, ಅದರ ಮೇಲೆ ಮಖಮಲ್ಲನ್ನು ಬಿಚ್ಚಿದರು. ಗಾಳಿ ಒಂದೇ ಸಮನೆ ಎಳೆದಾಡಿತು. ಅಪ್ಪ ಒಂದು ಮೂಲೆಯಲ್ಲಿ ಕೂತರು, ಅಮ್ಮ ಇನ್ನೊಂದರಲ್ಲಿ, ಸ್ಕೇಲು ತನ್ನ ಉದ್ದಕ್ಕೆ ತಕ್ಕ ಹಾಗೆ ಒಂದು ಅಂಚಿನ ಮೇಲೆ ಮಲಗಿಯೇಬಿಟ್ಟಳು. ಸಾಹುಕಾರರು "ಇದು ಖಂಡಿತ ಸೊಟ್ಟ ಆಗತ್ತೆ" ಎನ್ನುತ್ತಲೇ ನಾಲ್ಕನೆಯ ಮೂಲೆಯನ್ನು ಮೊಣಕಾಲಿನಿಂದ ಒತ್ತಿ ಹಿಡಿದರು. ನಡುವೆ ದೊಡ್ಡಪ್ಪ ಸೀಮೆಸುಣ್ಣ ಹಿಡಿದು, ಮಂಡಿಯೂರಿ, ಮಗುವಿನ ಹಾಗೆ ಅಂಬೆಗಾಲಿಡುತ್ತ ಗೆರೆ ಎಳೆದರು. ಸೊಟ್ಟ ಆಗಲಿಲ್ಲ.

ಅತ್ತ ತೊಲೆ ಮೇಷ್ಟ್ರು ತರಗತಿಯಲ್ಲಿ ಹಳೆಯ ಅಸೈನ್‌ಮೆಂಟನ್ನು ರದ್ದು ಮಾಡಿ, ಎಲ್ಲರೂ ನಿಜವಾದ ಒಂದು ಗೋಡೆ ನೋಡಿ ಬರೆಯಬೇಕೆಂದರು. ದೊಡ್ಡಪ್ಪನನ್ನು ಕೇಳಿ, ಗುಂಪು ಗುಂಪಾಗಿ ಹುಡುಗರನ್ನು ಅಂಗಡಿಗೆ ಕಳಿಸಿದರು. ದೊಡ್ಡಪ್ಪ ಮೊದಮೊದಲು "ನನ್ನಂಗಡಿ ಏನು ಮೃಗಾಲಯವಾ?" ಎಂದರು. ಎರಡನೆಯ ಗುಂಪು ಬರುವಷ್ಟರಲ್ಲಿ ತಾವೇ ಎದ್ದು ನಿಂತು ಪಾಠ ಶುರು ಮಾಡಿದ್ದರು: "ಮೊದಲು ಮೇಲೆ ಹೋಗಿ ನೋಡ್ಬೇಕು ಕಣ್ರಪ್ಪ, ಆಮೇಲೆ ಕೆಳಗೆ. ಕುಟ್ಟಿ ಗಿಟ್ಟಿ ನೋಡೋದಲ್ಲ." ಮಧ್ಯೆ ಒಬ್ಬ ಹುಡುಗ ತೊಲೆಯ ಬಗ್ಗೆ ಏನೋ ಕೇಳಿದ. ದೊಡ್ಡಪ್ಪ ಬಾಯಿ ತೆರೆದರು, ಮತ್ತೆ ಮುಚ್ಚಿದರು. "ಅದು ನಂಗೆ ಗೊತ್ತಿಲ್ಲ. ನಿಮ್ಮ ಮೇಷ್ಟ್ರನ್ನ ಕೇಳು," ಎಂದರು. ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಪುಟ್ಟಿ ತಲೆ ತಗ್ಗಿಸಿ ನಕ್ಕಳು.

ಅವಳು ಹೊಸದಾಗಿ ಬರೆದ ಅಸೈನ್‌ಮೆಂಟು ಹಳೆಯದರಷ್ಟು ದಪ್ಪವಿರಲಿಲ್ಲ, ಅಕ್ಷರವೂ ಅಷ್ಟು ದುಂಡಗಿರಲಿಲ್ಲ. ಒಂದು ಕಡೆ ಲೆಕ್ಕ ತಪ್ಪಿತ್ತು. ಮೇಷ್ಟ್ರು ಅಲ್ಲಿ ಕೆಂಪು ಗೆರೆ ಎಳೆದು, 'ಈ ತಪ್ಪು ನಿನ್ನದೇ, ಸಂತೋಷ' ಎಂದು ಬರೆದಿದ್ದರು. ಹಳೆಯದು ರದ್ದಾದರೂ ಕಾಪಿಗೆ ಬಿದ್ದ ಸೊನ್ನೆ ದಾಖಲೆಯಲ್ಲಿ ಹಾಗೇ ಉಳಿಯಿತು. ಆ ಸಲ ಅವಳ ಒಟ್ಟು ಅಂಕ ಇಳಿಯಿತು. ಅಪ್ಪ ಕೇಳಿದಾಗ ಪುಟ್ಟಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅಪ್ಪ ಒಂದು ದಿನ ಮುಖ ಗಂಟು ಹಾಕಿಕೊಂಡಿದ್ದರು. ಮರುದಿನ ಮರೆತರು.

ಲೆಕ್ಕ ಬಂತು, ಮೇಷ್ಟ್ರ ರುಜು ಬಂತು, ತೊಲೆ ಬಂತು. ಮೇಸ್ತ್ರಿ ಚಾವಣಿಗೆ ಕಬ್ಬಿಣದ ಆಸರೆಗಳನ್ನು ಕೊಟ್ಟು, ಗೋಡೆಯನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ ತೊಲೆ ಕೂರಿಸಿದ. ಆ ಕೆಲಸ ನಡೆದಷ್ಟು ದಿನ ಪುಟ್ಟಿಯ ಮನೆಯವರು ಚಿಕ್ಕಮ್ಮನ ಮನೆಯಲ್ಲಿ, ದೊಡ್ಡಪ್ಪ ದೊಡ್ಡಮ್ಮ ಸಾಹುಕಾರರ ಮನೆಯಲ್ಲಿ ಮಲಗಿದರು. ಸಾಹುಕಾರರು ಅತಿಥಿಗಳಿಗೆ ಪ್ರತಿ ಬೆಳಿಗ್ಗೆ "ಇನ್ನೂ ನಿಂತಿದೆ" ಎಂದು ಸುದ್ದಿ ಹೇಳುತ್ತಿದ್ದರಂತೆ.

ಆಸರೆ ತೆಗೆದ ದಿನ ಹೊಸ ಉದ್ದ ಮೇಜು ಬಂದು, ಅಂಗಡಿಯಿಂದ ಕಂಡಿಯ ಮೂಲಕ ಹಿಂದಿನ ಕೋಣೆಯವರೆಗೆ ಕಾಲು ಚಾಚಿ ಕೂತಿತು. ದೊಡ್ಡಪ್ಪ ಅದರ ಈ ತುದಿಯಿಂದ ಆ ತುದಿಗೆ ಅಂಗೈ ಸವರುತ್ತ ಮೂರು ಸಲ ನಡೆದರು. ಸಾಹುಕಾರರನ್ನೂ ಒಂದು ಸಲ ನಡೆಸಿದರು.

ಒಂದು ವಾರ ಕಳೆಯಿತು. ಪುಟ್ಟಿ ಕಾಲೇಜಿನಿಂದ ಬರುವಾಗ ದೊಡ್ಡಮ್ಮ ಅಂಗಡಿಯ ಹೊರಗೆ, ಮೆಟ್ಟಿಲ ಮೇಲೆ, ರೇಡಿಯೋ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಇಲ್ಲ್ಯಾಕೆ ಕೂತಿದೀಯ ದೊಡ್ಡಮ್ಮ?"

"ಇನ್ನೇನ್ ಮಾಡ್ಲಿ? ಇಷ್ಟು ವರ್ಷ ಗೋಡೆ ಆಚೆ ಈ ಮನುಷ್ಯ ಇಡೀ ದಿನ ಏನು ಮಾತಾಡ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ. ಈಗ ಎಲ್ಲ ಕೇಳತ್ತೆ. ಗಿರಾಕಿ ಹತ್ರ ಮಾತು, ಕತ್ತರಿ ಹತ್ರ ಮಾತು, ದಾರ ಕಡಿದ್ರೆ ದಾರದ ಹತ್ರ ಮಾತು. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚೋ ಹಾಗಿಲ್ಲ."

ಒಳಗಿನಿಂದ ದೊಡ್ಡಪ್ಪನ ದನಿ ಬಂತು. "ನಿನ್ನ ರೇಡಿಯೋ ಕೇಳಿ ಕೇಳಿ ನನ್ನ ಅಳತೆ ತಪ್ತಿದೆ, ಅದನ್ನೂ ಹೇಳು!"

"ನೋಡು!" ಎಂದಳು ದೊಡ್ಡಮ್ಮ. ಆಮೇಲೆ ಪುಟ್ಟಿಯನ್ನು ಹತ್ತಿರ ಎಳೆದು, ದನಿ ತಗ್ಗಿಸಿದಳು. "ಆ ಕಂಡಿಗೆ ಒಂದು ದಪ್ಪ ಪರದೆ ಹಾಕ್ಸಿದ್ರೆ ಹೇಗೆ? ಪರದೆಗೂ ನಿಮ್ಮ ಮೇಷ್ಟ್ರು ಲೆಕ್ಕ ಹಾಕ್ಬೇಕಾ?"

"ಪರದೆ ವಿಷಯ ನಮ್ಮ ಕಾಲೇಜಲ್ಲಿ ಯಾರಿಗೂ ತಿಳಿಯಲ್ಲ ದೊಡ್ಡಮ್ಮ," ಎಂದಳು ಪುಟ್ಟಿ. "ಅದಕ್ಕೆ ಒಳಗಿರೋರನ್ನೇ ಕೇಳ್ಬೇಕು."

ದೊಡ್ಡಮ್ಮ ರೇಡಿಯೋ ಅವಳ ಕೈಗೆ ಕೊಟ್ಟು, ಸೆರಗು ಕಟ್ಟಿಕೊಂಡು, ಒಳಗೆ ಹೋದಳು.